ಗೋಡೆಗೂ ಕೇಳಿಸದ ಮಾತು

ಹೊಲಿಗೆ ಯಂತ್ರದ ಮುಂದೆ ಅಳುತ್ತ ಕೂತಿದ್ದ ಜಯಶೀಲಾಳನ್ನು ಎಬ್ಬಿಸಿ, ಆಪ್ತಸಮಾಲೋಚಕಿಯ ಕೋಣೆಯವರೆಗೂ ನಾನೇ ಕರೆತಂದೆ. ಅವಳು ಹೊಸ್ತಿಲಲ್ಲೇ ನಿಂತಳು.

"ಇಲ್ಲಿ ಹೇಳಿದ್ದು ಹೊರಗೆ ಬರಲ್ಲ ತಾನೇ ಸಾರ್? ಹೋದ್ ತಿಂಗಳು ಗುಲ್ಜಾರಕ್ಕ ಒಳಗೆ ಹೋಗಿ ಅತ್ಲು. ಆಮೇಲೆ ಅವಳನ್ನ ಕೆಲಸದಿಂದಲೇ ತೆಗೆದ್ರಲ್ಲ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ಇಲ್ಲಿ ಆಡಿದ್ದು ಗೋಡೆಗೂ ಕೇಳಿಸಲ್ಲ."

ಆ ಮಾತು ನನಗೇ ಎಷ್ಟು ಹಿಡಿಸಿತೆಂದರೆ, ಅದನ್ನೇ ಬರೆಸಿ ಗೋಡೆಗೆ ಅಂಟಿಸಬೇಕೆಂದುಕೊಂಡೆ. ಕಾರ್ಖಾನೆಯ ಸಿಬ್ಬಂದಿ ಅಧಿಕಾರಿ ನಾನು. 'ಮನಸ್ಸು ಬಿಚ್ಚಿ ಮಾತಾಡಿ' ಯೋಜನೆ ನನ್ನದೇ. ಅದಕ್ಕಾಗಿ ಸನ್ಮಾನ ಮಾಡಿ ಕೊಟ್ಟ ಹಣ್ಣಿನ ಬುಟ್ಟಿ ಇನ್ನೂ ನನ್ನ ಮೇಜಿನ ಮೇಲಿದೆ. ಹಣ್ಣು ಕೊಳೆತರೂ ಬುಟ್ಟಿ ತೆಗೆಯಲು ಮನಸ್ಸಾಗಿಲ್ಲ.

ಜಯಶೀಲಾ ಕಣ್ಣೊರೆಸಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ತಿರುಗಿದರೆ ಮ್ಯಾನೇಜರ್ ಪೊನ್ನಪ್ಪ ನಿಂತಿದ್ದರು.

"ಏನ್ರೀ, ನಿಮ್ಮ ಕಣ್ಣು ಯಾಕೆ ಹೀಗೆ ಕೆಂಪಾಗಿದೆ?"

"ಸ್ವಲ್ಪ ನಿದ್ದೆ ಕಡಿಮೆ ಸರ್," ಎಂದೆ. ದಿನಾ ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದನ್ನು ಹೇಳಲಿಲ್ಲ.

"ಹಾಗಾದ್ರೆ ಅವಳಾದ ಮೇಲೆ ನೀವೂ ಹೋಗಿ ಬನ್ನಿ. ನಿಮ್ಮದೇ ಯೋಜನೆ, ಸಂಕೋಚ ಯಾಕೆ? ಮನಸ್ಸು ಹಗುರ ಆಗುತ್ತೆ."

"ನಾನು ಹೋಗಲ್ಲ ಸರ್," ಎಂದೆ. "ಒಳಗೆ ಯಾರು ಏನೇನು ಹೇಳ್ಕೊಂಡು ಅತ್ರು ಅಂತ ಪ್ರತಿ ಶುಕ್ರವಾರ ಪಟ್ಟಿ ಮಾಡಿ ನಿಮಗೆ ಕೊಡೋನು ನಾನೇ."