ಒಂದು ಕೈಯ ಪರೀಕ್ಷೆ

ತಗಡು ಒತ್ತುವ ಮಿಷನ್ನಿಗೆ ಸಿಕ್ಕಿ ಬಲಗೈ ಕಳೆದುಕೊಂಡಿದ್ದ ಚೌಡಪ್ಪನಿಗೆ ಅವತ್ತು ಕಂಪ್ಯೂಟರ್ ಪರೀಕ್ಷೆ. ಪಾಸಾದರೆ ಅದೇ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ, ಇಲ್ಲದಿದ್ದರೆ ಮನೆ.

"ಪ್ರಿಂಟ್ ಬರ್ಬೇಕಂದ್ರೆ ಈ ತುದೀ ಕೀ ಒತ್ತಿ ಹಿಡ್ಕೊಂಡೇ ಆ ತುದೀದೂ ಒತ್ಬೇಕು. ಒಂದೇ ಕೈಲಿ ಹೆಂಗ್ ಮಾಡ್ತೀರಣ್ಣ?" ಅಂದಳು ಕಲಿಸುವ ಹುಡುಗಿ.

ಚೌಡಪ್ಪ ಜೇಬಿನಿಂದ ಬೆಂಕಿಕಡ್ಡಿಯೊಂದನ್ನು ತೆಗೆದು, ಎಡತುದಿಯ ಕೀ ಅದುಮಿ, ಅದರ ಸಂದಿಗೆ ಸಿಕ್ಕಿಸಿದ. ಅದು ಮೇಲೇಳಲಿಲ್ಲ. ಆಮೇಲೆ ನಿಧಾನಕ್ಕೆ ಇನ್ನೊಂದನ್ನು ಒತ್ತಿದ. ಪ್ರಿಂಟರ್ ಗುರ್ರೆಂದು ಕಾಗದ ಉಗುಳಿತು.

"ಅಯ್ಯಪ್ಪಾ, ಏನ್ ತಲೆ ಕಣಣ್ಣ! ಪಾಸು ಬಿಡಿ! ಯಾರ್ ಹೇಳ್ಕೊಟ್ರು ಇದನ್ನ?"

"ಯಾರೂ ಇಲ್ಲಮ್ಮ. ಆ ಮಿಷನ್ನಿಗೂ ಎರಡು ಬಟನ್ ಇತ್ತು, ಕೈ ಒಳಗೆ ಹೋಗ್ದಿರ್ಲಿ ಅಂತ ಎರಡೂ ಕೈಲಿ ಒತ್ಬೇಕಿತ್ತು. ಬೇಗ ಆಗ್ಲಿ ಅಂತ ಒಂದಕ್ಕೆ ಹಿಂಗೇ ಕಡ್ಡಿ ಸಿಗ್ಸಿದ್ದೆ."