ನೋಟ್‌ಬುಕ್ ಅಕ್ಕನ ಸರ್ವೀಸ್

ಆಕೆ ಮತ್ತೆ ನೋಟ್‌ಬುಕ್ ತೆರೆದಳು. ಮೆಕ್ಯಾನಿಕ್ಕನಿಗೆ ಮೈಯೆಲ್ಲ ಉರಿಯಿತು.

ಗ್ಯಾರೇಜಿನ ಬೆಂಚಿನ ಮೇಲೆ ಮೂವರು ಗಿರಾಕಿಗಳಿದ್ದರು. ಅವರಿಗೆ ಕೇಳಲೆಂದೇ ಆಕೆ ಗಟ್ಟಿಯಾಗಿ ಓದಿದಳು: ಆಯಿಲ್ ಅಂಗಡಿಯಲ್ಲಿ ಇಷ್ಟು, ಫಿಲ್ಟರ್ ಇಷ್ಟು, ಪ್ಲಗ್ ಇಷ್ಟು, ಅದೇ ಕೆಲಸಕ್ಕೆ ಇಲ್ಲಿ ಮೂರು ಪಟ್ಟು. "ಹಾಗಾದ್ರೆ ಮನೇಲೇ ಮಾಡ್ಕೋಬಹುದಲ್ವಾ?" ಎಂದು ಏನೂ ಅರಿಯದವಳಂತೆ ಕೇಳಿದಳು. ಬೆಂಚಿನ ಮೇಲಿದ್ದ ಒಬ್ಬ ತನ್ನ ಬಿಲ್ಲನ್ನು ಜೇಬಿನಿಂದ ತೆಗೆದು ಮತ್ತೊಮ್ಮೆ ನೋಡಿಕೊಂಡ.

ಬೀದಿಯ ಕೊನೆಯಲ್ಲಿ ಹೊಲಿಗೆ ಅಂಗಡಿ ತೆರೆದು ಮೂರು ತಿಂಗಳಾಗಿತ್ತು ಆಕೆಗೆ. ಬರುವಾಗಲೇ ಹುಡುಕಿ ಹುಡುಕಿ ಒಂದು ಹಳೆಯ ಮಾದರಿಯ ಬೈಕ್ ಕೊಂಡಿದ್ದಳು. ನೋಟ್‌ಬುಕ್ ಅಕ್ಕ ಎಂದು ಹೆಸರಿಟ್ಟವನು ಮೆಕ್ಯಾನಿಕ್ಕೇ.

ಮನೆಯಲ್ಲೇ ಸರ್ವೀಸ್ ಮಾಡಿಕೊಳ್ಳುವವರನ್ನು ಕಂಡರೆ ಅವನಿಗಾಗದು. ಫೋನಿನಲ್ಲಿ ವಿಡಿಯೊ ನೋಡಿ ಸ್ಪ್ಯಾನರ್ ಹಿಡಿಯುವ ಮಂದಿ ತನ್ನ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದಾರೆ ಎಂದು ಕುದಿಯುತ್ತಿದ್ದ. ಎಂಥೆಂಥ ಗಿರಾಕಿಗಳು ಕೈಬಿಟ್ಟು ಹೋಗಿದ್ದರು. ಪಾರ್ಸೆಲ್ ಹಂಚುವವನೊಬ್ಬನಿದ್ದ, ಇಂಥದ್ದೇ ಹಳೆಯ ಮಾದರಿಯ ಗಾಡಿ. ಎಷ್ಟು, ಏನು ಎಂದು ಕೇಳದೆ ಕೊಟ್ಟು, "ನೀವಿದ್ದೀರಲ್ಲಣ್ಣ, ನನಗೇನು ಚಿಂತೆ" ಎಂದು ನಗುತ್ತಾ ಹೋಗುತ್ತಿದ್ದ. ಐದು ತಿಂಗಳ ಹಿಂದೆ ಬ್ರೇಕ್ ಶೂ ಬದಲಿಸಲು ಬಂದು ಹೋದವನು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಅವನೂ ವಿಡಿಯೊ ನೋಡಿ ಕಲಿತುಬಿಟ್ಟ, ನಂಬಿಕೆದ್ರೋಹಿ, ಎಂದು ಮೆಕ್ಯಾನಿಕ್ ಹಲ್ಲು ಕಡಿಯುತ್ತಿದ್ದ.

ಮೆಕ್ಯಾನಿಕ್ಕನ ಪದ್ಧತಿ ಸರಳವಾಗಿತ್ತು. ಮೊದಲು ಬಿಲ್ ಬರೆಯುವುದು, ಆಮೇಲೆ ಗಾಡಿ ಮುಟ್ಟುವುದು. ಕಣ್ಣಿಗೆ ಕಾಣುವುದನ್ನೆಲ್ಲ ತೊಳೆದು ಪಾಲಿಶ್ ಹಾಕುವುದು. ಕಾಣದ್ದನ್ನು ಇದ್ದ ಹಾಗೇ ಬಿಡುವುದು. ಚಕ್ರವನ್ನು ಒತ್ತಿ ನಿಲ್ಲಿಸುವ ಬ್ರೇಕ್ ಶೂಗಳು ಚಕ್ರದ ಡ್ರಮ್ಮಿನ ಒಳಗಿರುತ್ತವೆ. ಅಲ್ಲಿಗೆ ಇಣುಕುವ ಗಿರಾಕಿ ಈವರೆಗೆ ಹುಟ್ಟಿರಲಿಲ್ಲ.

ಈಕೆಯ ಸೊಕ್ಕು ಮುರಿಯಬೇಕೆಂದು ಅವನು ಅವತ್ತೇ ಗಟ್ಟಿ ಮಾಡಿದ. ಬನ್ನಿ, ಕಲೀರಿ ಎಂದು ಕರೆದು, ಎಲ್ಲರೆದುರು ಒಂದು ಚಕ್ರ ಬಿಚ್ಚಿ, ಡ್ರಮ್ ತೆರೆದು, ಶೂ ಕಿತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಕೂರಿಸಿದ. ಇನ್ನು ನಿಮ್ಮ ಸರದಿ ಎಂದ. ಸ್ಪ್ರಿಂಗ್ ಆಕೆಯ ಕೈಯಿಂದ ಚಿಮ್ಮಿ ಬೆರಳು ಸೀಳಿತು. ಬೆಂಚು ಬಿದ್ದು ಬಿದ್ದು ನಕ್ಕಿತು.

ಆಕೆ ಕರ್ಚೀಫಿನಲ್ಲಿ ರಕ್ತ ಒರೆಸಿಕೊಂಡಳು. "ಇನ್ನೊಂದ್ಸಲ ತೋರಿಸಿ," ಎಂದಳು.

ಅವನು ತೋರಿಸಿದ. ಆಕೆ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡಳು.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ, ಆಕೆ ಬೈಕನ್ನು ತಳ್ಳಿಕೊಂಡು ಬಂದಳು. ಮುಖದಲ್ಲಿ ಬೆವರು ಇಳಿಯುತ್ತಿತ್ತು. ಮೆಕ್ಯಾನಿಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಯಾಕಕ್ಕ, ಮನೇಲಿ ಮಾಡ್ಕೊಳ್ಳಲಿಲ್ವಾ?"

"ಎರಡೂ ಬ್ರೇಕ್ ಶೂ ಪೂರ್ತಿ ಸವೆದು ಹೋಗಿವೆ. ಹೊಸದು ಹಾಕಿ. ಎಷ್ಟಾದ್ರೂ ಸರಿ."

ಸೇಡಿನ ರುಚಿಯೇ ಬೇರೆ. ಅವನು ಎಂದಿನ ದರದ ಎರಡರಷ್ಟು ಬರೆದ. ಆಕೆ ನೋಟ್‌ಬುಕ್ ತೆರೆಯದೆ ಅಷ್ಟನ್ನೂ ಕೊಟ್ಟಳು. ಬಿಲ್ಲಿಗೊಂದು ಸಹಿ ಮಾತ್ರ ಬೇಕೆಂದಳು. ಅವನು ಉದ್ದ ಬಾಲ ಎಳೆದು ಜೋರಾಗಿಯೇ ಸಹಿ ಹಾಕಿದ.

"ನೀವೇ ಓಡಿಸಿ ನೋಡ್ತೀರಲ್ವಾ?"

"ನಾನು ಓಡಿಸಿ ನೋಡದೆ ಯಾವ ಗಾಡೀನೂ ಕೊಡಲ್ಲ."

ಆ ಮಾತೊಂದು ನಿಜ. ಅವನ ಸ್ವಂತ ಬೈಕ್ ಗ್ಯಾರೇಜಿನ ಹಿಂದೆ ತುಕ್ಕು ಹಿಡಿಯುತ್ತಿತ್ತು. ದಿನಾ ಮಧ್ಯಾಹ್ನ ಊಟಕ್ಕೆ ಅವನು ಮನೆಗೆ ಹೋಗುತ್ತಿದ್ದದ್ದು ಯಾರದೋ ಗಾಡಿಯಲ್ಲಿ, ಯಾರದೋ ಪೆಟ್ರೋಲಿನಲ್ಲಿ. ಕೇಳಿದವರಿಗೆ ಟ್ರಯಲ್ ಎನ್ನುತ್ತಿದ್ದ. ಇಳಿಜಾರಿನಲ್ಲೂ ನೋಡ್ತೀರಾ ಎಂದು ಆಕೆ ಕೇಳಿದ್ದಕ್ಕೆ, ತನ್ನ ಮನೆ ಇರುವುದೇ ಇಳಿಜಾರಿನ ಬುಡದಲ್ಲಿ ಎಂದು ನಕ್ಕ.

"ಶೂ ಮಾತ್ರ ಮರೀಬೇಡಿ," ಎಂದು ಆಕೆ ಹೊರಟಳು.

ಅವನು ನಿಂತಲ್ಲೇ ಬ್ರೇಕ್ ಅದುಮಿ ನೋಡಿದ. ಬಿಗಿಯಾಗಿತ್ತು, ಯಾರೋ ಬ್ರೇಕ್ ಬಿಗಿ ಮಾಡುವ ನಟ್ಟನ್ನು ಚೆನ್ನಾಗಿ ತಿರುಗಿಸಿದ್ದರು. ಪುಕ್ಕಲಿ, ಸುಮ್ಮನೆ ತಳ್ಳಿಕೊಂಡು ಬಂದಿದ್ದಾಳೆ ಎಂದುಕೊಂಡ. ನೀರು ಹೊಡೆದ, ಪಾಲಿಶ್ ಹಾಕಿದ, ಒಂದು ಗಂಟೆಗೆ ಶಿಳ್ಳೆ ಹಾಕುತ್ತಾ ಊಟಕ್ಕೆ ಹೊರಟ.

ಇಳಿಜಾರಿನ ಅರ್ಧದಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಕೇಳಿತು. ಎರಡೂ ಬ್ರೇಕುಗಳನ್ನು ಜೀವ ಕೈಯಲ್ಲಿ ಹಿಡಿದು ಅದುಮಿದ. ಗಾಡಿ ನಿಲ್ಲಲಿಲ್ಲ. ಬುಡದಲ್ಲಿದ್ದ ನೀರಿನ ಟ್ಯಾಂಕಿನ ಗೋಡೆ ನಿಲ್ಲಿಸಿತು.

ಮರುದಿನ ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾದಾಗ ಬಲಗಾಲು ಮೂರು ಕಡೆ ಮುರಿದಿತ್ತು. ಪೊಲೀಸಿನವನು ಬಂದು, ಬ್ರೇಕ್ ಶೂ ಸವೆದು ಬರೀ ಕಬ್ಬಿಣ ಉಳಿದಿತ್ತು, ಇದಕ್ಕೆ ಹೊಣೆ ಯಾರು ಎಂದು ಕೇಳಿದ. ಮೆಕ್ಯಾನಿಕ್ ಬಾಗಿಲಲ್ಲಿ ನಿಂತಿದ್ದ ನೋಟ್‌ಬುಕ್ ಅಕ್ಕನ ಕಡೆ ಬೆರಳು ತೋರಿಸಿದ.

ಆಕೆ ನೋಟ್‌ಬುಕ್ಕಿನಿಂದ ಬಿಲ್ ತೆಗೆದು ಕೊಟ್ಟಳು. ಪೊಲೀಸಿನವನು ಓದಿದ. "ಎರಡೂ ಚಕ್ರಕ್ಕೆ ಹೊಸ ಬ್ರೇಕ್ ಶೂ. ಇದು ನಿಮ್ಮ ಸಹಿನೇನಾ?"

ಹೌದೆಂದರೆ ಹೊಸ ಶೂ ಎಲ್ಲಿ? ಅಲ್ಲವೆಂದರೆ ಸಹಿ ಯಾರದು? ಮೆಕ್ಯಾನಿಕ್ ತೋರಿಸಿದ್ದ ಬೆರಳನ್ನು ಮೆಲ್ಲಗೆ ಮಡಚಿಕೊಂಡ. ಪೊಲೀಸಿನವನು ಏನೋ ಬರೆದುಕೊಂಡು ಹೋದ.

ಆಕೆ ಹೋಗಲಿಲ್ಲ. ಹಾಸಿಗೆಯ ಮೇಲೆ ಇನ್ನೊಂದು ಬಿಲ್ ಇಟ್ಟಳು. ಐದು ತಿಂಗಳ ಹಿಂದಿನದು. ಅದೇ ಕೈಬರಹ, ಅದೇ ಸಾಲು, ಅದೇ ಉದ್ದ ಬಾಲದ ಸಹಿ. ಮೂಲೆಯಲ್ಲಿ ಒಣಗಿದ ರಕ್ತದ ಕಲೆ. ಮೇಲಿದ್ದದ್ದು ಪಾರ್ಸೆಲ್ ಹಂಚುವವನ ಗಾಡಿಯ ನಂಬರು, ಮೆಕ್ಯಾನಿಕ್ಕನಿಗೆ ಅದು ಬಾಯಿಪಾಠವಾಗಿತ್ತು.

"ಅವನು ನನ್ನ ತಮ್ಮ. ನಿಮ್ಮಲ್ಲಿಂದ ಹೊರಟವನು ಮನೆ ಮುಟ್ಟಲೇ ಇಲ್ಲ," ಎಂದಳು ಆಕೆ. "ಅವನ ಗಾಡೀಲಿ ನೀವು ಬದಲಿಸದೆ ಬಿಟ್ಟಿದ್ದ ಶೂಗಳನ್ನೇ ನಾನು ಇದಕ್ಕೆ ಹಾಕಿದ್ದು, ನೀವು ಹೇಳಿಕೊಟ್ಟ ಹಾಗೇ."