ಪೆಟ್ಟು ಕಾಣದ ಎತ್ತು

ಹುಲಿಗೆಪ್ಪ ಹದ ಮಾಡಿದ ಎತ್ತಿನ ತೊಗಲನ್ನು ಬೇವಿನ ಮರದ ಕೆಳಗೆ ಹಾಸಿದ. ಹನುಮಂತಪ್ಪ ಅದರ ಬೆನ್ನಿನ ಭಾಗದ ಮೇಲೆ ಅಂಗೈ ಸವರಿದ. ಅರ್ಧಕ್ಕೇ ಕೈ ನಿಂತಿತು.

ಹನುಮಂತಪ್ಪ ಯಲಬುರ್ಗಿಯಲ್ಲಿ ಕ್ಷೌರ ಮಾಡುವವನು. ಕತ್ತಿ ವಿಲಾಯತಿಯದು, ಆದರೆ ಅದನ್ನು ತೀಡುವ ಚರ್ಮದ ಪಟ್ಟಿ ಸವೆದುಹೋಗಿತ್ತು. ಹೋದ ಶುಕ್ರವಾರ ತಾಲೂಕು ಕಚೇರಿಯ ಪೇಶ್ಕಾರ ಸಾಹೇಬರ ಗಲ್ಲದಲ್ಲಿ ರಕ್ತ ಬಂದು, ಇನ್ನೊಮ್ಮೆ ಹೀಗಾದರೆ ಬೇರೆಯವನನ್ನು ಕರೆಸುತ್ತೇವೆ ಎಂದು ಹೇಳಿಸಿಕೊಂಡಿದ್ದ. ಪಟ್ಟಿಗೆ ಸಿಕ್ಕಸಿಕ್ಕ ಚರ್ಮ ನಡೆಯುವುದಿಲ್ಲ. ಬೆನ್ನಿನ ದಪ್ಪ ತೊಗಲೇ ಬೇಕು, ಅದರಲ್ಲಿ ಸಾಸಿವೆಯಷ್ಟು ಕುಳಿಯೂ ಇರಬಾರದು. ಇದ್ದರೆ ಅಲಗು ಕೆಡುತ್ತದೆ. ದುಡಿಯುವ ಎತ್ತುಗಳ ಸೀಮೆಯಲ್ಲಿ ಅಂಥ ಬೆನ್ನು ಎಲ್ಲಿಂದ ತರಬೇಕು ಹೇಳಿ! ಮೊಳೆ ಬಡಿದ ಕೋಲಿನಿಂದ ಚುಚ್ಚದೆ ನೇಗಿಲು ಹೊಡೆಯುವ ಪುಣ್ಯಾತ್ಮರು ನಮ್ಮಲ್ಲಿ ಎಷ್ಟು ಜನ?

ಒಬ್ಬನಿದ್ದ, ಬೇವೂರಿನ ವಿರೂಪಾಕ್ಷಪ್ಪ. ತನ್ನ ಎತ್ತು ಸತ್ತಾಗ ಅವನೇ ಹನುಮಂತಪ್ಪನಿಗೆ ಹೇಳಿಕಳಿಸಿದ್ದ: ಕರುವಿನಿಂದ ನಾನೇ ಸಾಕಿದ್ದು, ಒಂದು ಪೆಟ್ಟೂ ಕಂಡಿಲ್ಲ, ಅದರ ಬೆನ್ನು ನಿನಗೇ. ಹುಲಿಗೆಪ್ಪ ಎರಡು ತಿಂಗಳು ಅದನ್ನು ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ನೆನೆಸಿ ಹದಕ್ಕೆ ತಂದಿದ್ದ. ಇವತ್ತು ಪಟ್ಟಿ ಕೊಯ್ಯುವ ದಿನ. ವಿರೂಪಾಕ್ಷಪ್ಪನೂ ಎಲೆಯಡಿಕೆ ಜಗಿಯುತ್ತ ಬಂದು, ಮದುವೆ ಮನೆಯ ಹಿರಿಯನಂತೆ ಕಟ್ಟೆಯ ಮೇಲೆ ಕೂತಿದ್ದ.

"ಗೌಡ್ರ, ಇದು ಪೆಟ್ಟು ಕಾಣದ ಎತ್ತಲ್ಲರಿ," ಎಂದ ಹನುಮಂತಪ್ಪ. ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. ಎರಡು ತಿಂಗಳು ಕಾದಿದ್ದ, ಪಾಪ.

ವಿರೂಪಾಕ್ಷಪ್ಪ ನಕ್ಕ. ತೊಗಲು ಅದಲುಬದಲಾಗಿರಬೇಕು ಎಂದ. ಹುಲಿಗೆಪ್ಪನಿಗೆ ಆ ಮಾತು ನಾಟಿತು. ಅವನು ಮುಂಗಾಲಿನ ಹತ್ತಿರದ ಒಂದು ಉದ್ದನೆಯ ಗೀರನ್ನು ತೋರಿಸಿದ. ಕರುವಾಗಿದ್ದಾಗ ಜಾಲಿ ಮುಳ್ಳು ತಾಗಿ ಆದ ಗಾಯ. ಅರಿಸಿನ ಹಚ್ಚಿದವನು ವಿರೂಪಾಕ್ಷಪ್ಪನೇ. ಅವನು ಕಟ್ಟೆಯಿಂದಿಳಿದು ಬಂದು ಕುಕ್ಕರಗಾಲಲ್ಲಿ ಕೂತು, ಬೆನ್ನಿನ ಹಿಂಭಾಗದ ಕುಳಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

"ಮ್ಯಾಲೆ ಕೂದಲ ಮುಚ್ಚಿತ್ತರಿ, ನಿಮಗ ಕಾಣಲಿಲ್ಲ," ಎಂದ ಹುಲಿಗೆಪ್ಪ ಮೆಲ್ಲಗೆ. "ಗಾಯ ಮಾಯೂಕಿಂತ ಮೊದಲ ಅದ ಜಾಗಾದಾಗ ಮತ್ತ ಚುಚ್ಯಾರ. ಇದು ನಿಮ್ಮ ಕೈ ಅಲ್ಲರಿ."

ಯಾರ ಕೈ ಎಂದು ಯಾರೂ ಕೇಳಲಿಲ್ಲ. ಎತ್ತು ಎರಡು ವರ್ಷ ಕುಷ್ಟಗಿ ಕಡೆಯ ಅಳಿಯನ ಮನೆಯಲ್ಲಿತ್ತು. ಮಗಳು ಗುರುಲಿಂಗಮ್ಮನ ಮದುವೆಯಲ್ಲಿ ಅವಳ ಜೊತೆಗೇ ಕಳಿಸಿದ್ದು. ಇನ್ನು ದುಡಿಯಲಾರದು ಎಂದು ಬೇಸಿಗೆಯಲ್ಲಿ ಅಳಿಯ ಅದನ್ನು ವಾಪಸು ಬಿಟ್ಟುಹೋಗಿದ್ದ. ಭಾರಿ ಮೆತ್ತಗಿನ ಮನುಷ್ಯ, ಮಾವನೆದುರು ಎಂದೂ ದನಿ ಎತ್ತಿದವನಲ್ಲ. ಅಳಿಯ ಅಂದರೆ ಹೀಗಿರಬೇಕು ಎಂದು ವಿರೂಪಾಕ್ಷಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ್ದ.

ಕುತ್ತಿಗೆಯ ಕಡೆ ಒಂದು ಗೇಣು ನುಣ್ಣಗಿದೆ, ಹೇಗೋ ನಡೆಸಿಕೊಳ್ಳುತ್ತೇನೆ ಎಂದು ಹನುಮಂತಪ್ಪ ಸಮಾಧಾನದ ಮಾತಾಡಿದ. ವಿರೂಪಾಕ್ಷಪ್ಪ ಅದನ್ನು ಕೇಳಿಸಿಕೊಳ್ಳಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಎದ್ದು ನಿಂತ. ಈಗಲೇ ಗಾಡಿ ಹೂಡಿದರೆ ಹೊತ್ತು ಮುಳುಗುವುದರೊಳಗೆ ಮಗಳ ಊರು ಮುಟ್ಟಬಹುದೇ ಎಂದು ಕೇಳಿದ. ಮುಟ್ಟಬಹುದು ಎಂದ ಹುಲಿಗೆಪ್ಪ.

ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತ.

"ಎತ್ತಿಗೆ ಮಾತು ಬರತಿರಲಿಲ್ಲ, ಹುಲಿಗೆಪ್ಪಾ," ಎಂದ. "ನನ ಮಗಳಿಗೆ ಬರತೈತಿ. ಪಂಚಮಿಗೆ ಬಂದಾಕಿ ನಾಕ ದಿನಾ ಇದ್ದು ಹೋದಳು. ಆರಾಮ ಅದೀನಪ್ಪಾ ಅಂದಳು."